ಗೇರುಗುಡ್ಡದ ವಿಷಕ್ಕೆ ಸಾಕ್ಷಿ ಒದಗಿಸಬೇಕಾದವರು ಯಾರು?

ಮನುಷ್ಯನ ಆರೋಗ್ಯವು ಅವನ ಕೈಯಲ್ಲಿಯೇ ಇದೆ, ಮಿತಾಹಾರ, ವ್ಯಾಯಾಮ, ನಿರ್ವ್ಯಸನಗಳನ್ನು ಆಯ್ದುಕೊಂಡವನು ಸುಖಿಯಾಗುವನು, ಅಲ್ಲದವನು ಮಾಡಿದ್ದನ್ನು ಉಣ್ಣುವನು ಎಂಬ ಉಪದೇಶವು ಈಗ ವೈದ್ಯರಿಂದ ಹಿಡಿದು ವಿಮೆಯ ಏಜೆಂಟರವರೆಗೆ ಎಲ್ಲರ ಬಾಯಲ್ಲಿಯೂ ಕೇಳಿಬರುತ್ತಿದೆ. ಈ ಉಪದೇಶಕರನ್ನು ಕಾಸರಗೋಡು ಸೀಮೆಯ ಎಣ್ಮಕಜೆ ಪಂಚಾಯತಿಗೆ ಸೇರಿದ ಪಡ್ರೆ ಗ್ರಾಮಕ್ಕೊಮ್ಮೆ ಕರೆದೊಯ್ಯಬೇಕು.

ಅಲ್ಲಿ ಗುಡ್ಡಗಳ ನೆತ್ತಿಯ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳು. ಕೆಳಗೆ ಕಣಿವೆಯಲ್ಲಿ ಮನೆ, ಅಡಕೆತೋಟ, ತೋಡು. ಟೀ ಸೊಳ್ಳೆಯೆಂಬ ಕೀಟದ ನಿವಾರಣಾರ್ಥವಾಗಿ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಆ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ಗಿಡದ ತಲೆಯಿಂದ ಕೆಲವೇ ಅಡಿ ಮೇಲೆ ಹಾರಬೇಕೆಂಬ ನಿಯಮವು ಏರುತಗ್ಗಿನ ಆ ನೆಲದಲ್ಲಿ ಪಾಲನೆಯಾಗುವಂತಿರಲಿಲ್ಲ. ಮಂಜಿನಂತೆ ಇಳಿದ ಹನಿಗಳು ಗಾಳಿ ಒಯ್ದಲ್ಲಿಗೆ ಹೋದವು. ಬಾವಿಗಳನ್ನು ಮುಚ್ಚಿಕೊಳ್ಳಿರೆಂಬ ಸೂಚನೆಯೇನೋ ಇತ್ತು. ಆದರೆ ಆ ಭಾಗದ ಎಷ್ಟೋ ಮನೆಗಳಿಗೆ ನೀರು ಬರತಕ್ಕದ್ದು ಸುರಂಗದಿಂದ: ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು, ಒಳಗೆ ಜಿನುಗುವ ನೀರನ್ನು ಅಡಕೆಯ ದಂಬೆಯಲ್ಲಿ ಹರಿಸಿ ಅಂಗಳಕ್ಕೆ ತಂದುಕೊಳ್ಳುವ ಹಳೆಯ ಕ್ರಮ. ಯಾವ ವಿಷವನ್ನು ಗುಡ್ಡದ ಮೇಲೆ ಸುರಿದರೋ ಆ ಗುಡ್ಡವೇ ಅವರ ಬಾವಿ. ಅದಕ್ಕೆ ಮುಚ್ಚಳವನ್ನು ಎಲ್ಲಿಂದ ತರುವುದು?

ಅಂಗವಿಕಲವಾಗಿ ಹುಟ್ಟುತ್ತಿದ್ದ ಕರುಗಳ ವಿಷಯವನ್ನು ಪತ್ರಕರ್ತ ಶ್ರೀ ಪಡ್ರೆಯವರು ಎಂಬತ್ತರ ದಶಕದ ಆರಂಭದಲ್ಲಿಯೇ ಬರೆದರು. ಅದೇ ಪ್ರದೇಶದಲ್ಲಿ ವೃತ್ತಿ ನಡೆಸಿದ ಡಾ. ವೈ. ಎಸ್. ಮೋಹನಕುಮಾರ್ ಅವರು ಅಪಸ್ಮಾರ, ಬುದ್ಧಿಮಾಂದ್ಯ, ಅರ್ಬುದಗಳು ಒಂದೇ ತೋಡಿನ ದಂಡೆಯ ಮನೆಗಳಲ್ಲಿ ಅಸಹಜವಾಗಿ ಕೂಡಿಬಿದ್ದಿರುವುದನ್ನು ಗುರುತಿಸಿ ಎಚ್ಚರಿಸಿದರು. ಗಡಿಯ ಈಚೆಗೆ, ನಮ್ಮದೇ ಕರ್ನಾಟಕದ ಗೇರು ಅಭಿವೃದ್ಧಿ ನಿಗಮವು ಸಿಂಪಡಣೆ ನಡೆಸಿದ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿಯೂ ಕಥೆ ಬೇರೆಯಲ್ಲ.

ಇದಕ್ಕೆ ಬಂದ ಪ್ರತ್ಯುತ್ತರವನ್ನು ಸ್ವಲ್ಪ ಸಾವಕಾಶವಾಗಿ ಪರಿಶೀಲಿಸತಕ್ಕದ್ದು. ಕೇಂದ್ರ ಸರಕಾರ ನೇಮಿಸಿದ ದುಬೆ ಸಮಿತಿಯು ರೋಗಗಳಿಗೂ ಎಂಡೋಸಲ್ಫಾನಿಗೂ ಸಂಬಂಧ ಕಾಣುವುದಿಲ್ಲವೆಂದಿತು. ಸೋದರಸಂಬಂಧದ ವಿವಾಹಗಳು, ಅಪೌಷ್ಟಿಕತೆ, ವಂಶವಾಹಿ ದೋಷ ಇವುಗಳೇ ಕಾರಣವಿರಬಹುದೆಂದು ವಾದಿಸಿದವರೂ ಉಂಟು. ಒಬ್ಬ ನಿರ್ದಿಷ್ಟ ರೋಗಿಯ ನಿರ್ದಿಷ್ಟ ವ್ಯಾಧಿಯನ್ನು ಒಂದು ನಿರ್ದಿಷ್ಟ ಸಿಂಪಡಣೆಗೆ ಜೋಡಿಸುವುದು ವಿಜ್ಞಾನಕ್ಕೆ ದುಸ್ಸಾಧ್ಯವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಸಿಂಪಡಿಸುವುದಕ್ಕೆ ಮೊದಲು ಆ ಜನರ ಆರೋಗ್ಯವನ್ನು ಪರೀಕ್ಷಿಸಿ ದಾಖಲಿಸಿಡಬೇಕಾಗಿದ್ದವರು ಅದನ್ನು ಮಾಡದೆ, ಕಾಲು ಶತಮಾನ ಕಳೆದ ಮೇಲೆ ಪುರಾವೆಯನ್ನು ರೋಗಿಯ ತಾಯಿಯಿಂದ ಕೇಳುವುದು ಯಾವ ನ್ಯಾಯ? ಮೇದಸ್ಸಿನಲ್ಲಿ ಕರಗಿ ದೇಹದಲ್ಲಿ ಸಂಚಯವಾಗುವ, ನರಮಂಡಲಕ್ಕೆ ವಿಷವಾಗಿರತಕ್ಕ ಈ ದ್ರವ್ಯವನ್ನು 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ನಿರ್ಮೂಲನೆಯ ಪಟ್ಟಿಗೆ ಸೇರಿಸಿದವು. ಮರುತಿಂಗಳೇ ನಮ್ಮ ಸರ್ವೋಚ್ಚ ನ್ಯಾಯಾಲಯವು ನಿಷೇಧಿಸಿತು. ಅಲ್ಲಿಯವರೆಗೂ ಅದನ್ನು ಸಮರ್ಥಿಸುತ್ತ ಬಂದ ದೇಶಗಳಲ್ಲಿ ನಮ್ಮದು ಮುಂಚೂಣಿಯಲ್ಲಿತ್ತೆಂಬುದು ನಾಚಿಕೆಯ ಸಂಗತಿ.

ಇನ್ನು ಆಯ್ಕೆಯ ಮಾತು. ಆ ಕಣಿವೆಯವರಿಗೂ ಆಯ್ಕೆಗಳಿದ್ದವು, ಇಲ್ಲವೆನ್ನಲಾಗದು. ಪಿತ್ರಾರ್ಜಿತ ಜಮೀನನ್ನು ಮಾರಿ ಹೋಗಬಹುದಾಗಿತ್ತು, ಕೊಳ್ಳುವವನೊಬ್ಬನು ಸಿಕ್ಕಿದ್ದರೆ. ಮತ್ತೊಂದು ಮಗುವನ್ನು ಹೆರುವುದೋ ಬೇಡವೋ ಎಂದು ನಿಶ್ಚಯಿಸಬಹುದಾಗಿತ್ತು. ಆ ಊರಿಗೆ ಹೆಣ್ಣು ಕೊಡಬೇಕೋ, ಅಲ್ಲಿಂದ ತರಬೇಕೋ ಎಂದು ನೆಂಟರು ಯೋಚಿಸಬಹುದಾಗಿತ್ತು, ಯೋಚಿಸಿಯೂ ಇದ್ದರು. ಪರರು ಗಾಳಿಯನ್ನು ಕೆಡಿಸಿದ ಮೇಲೆ ಉಳಿಯುವ ಈ ಆಯ್ಕೆಗಳನ್ನು ಸ್ವಾತಂತ್ರ್ಯವೆಂದು ಕರೆಯುವವರು ಆ ಪದವನ್ನು ಬಹಳ ಅಗ್ಗವಾಗಿ ಕೊಂಡಿದ್ದಾರೆ.

2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆಜ್ಞಾಪಿಸಿತು; 2022ರಲ್ಲಿ ಅದೇ ನ್ಯಾಯಾಲಯವು ವಿಳಂಬಕ್ಕಾಗಿ ಕೇರಳ ಸರಕಾರಕ್ಕೆ ಛೀಮಾರಿ ಹಾಕಬೇಕಾಯಿತು. ಗಡಿಯ ಈಚೆ ನಮ್ಮಲ್ಲಿ ಅಂಗವೈಕಲ್ಯದ ಶೇಕಡಾವಾರನ್ನು ಅಳೆದು ಮಾಸಾಶನ ನಿರ್ಧರಿಸುತ್ತಾರೆ. ಹಾಸಿಗೆ ಹಿಡಿದ ಮಗನನ್ನು ಎತ್ತಿಕೊಂಡು ಶಿಬಿರಕ್ಕೆ ಹೋಗಬೇಕಾದವಳು ಮತ್ತೆ ತಾಯಿಯೇ. ಈ ಕ್ರಮವನ್ನು ತಿರುವುಮುರುವು ಮಾಡತಕ್ಕದ್ದು: ಸಿಂಪಡಣೆ ನಡೆದ ಗುಡ್ಡಗಳ ತಪ್ಪಲಿನ ರೋಗಿಗೆ ಪರಿಹಾರವು ಮೊದಲು ಸಲ್ಲಲಿ, ಅವನ ವ್ಯಾಧಿಗೆ ವಿಷವು ಕಾರಣವಲ್ಲವೆಂದು ನಿಗಮಕ್ಕೆ ಅನಿಸಿದರೆ, ಅದು ತನ್ನ ಖರ್ಚಿನಲ್ಲಿ ತಜ್ಞರನ್ನು ಕರೆತಂದು ನ್ಯಾಯಾಲಯದಲ್ಲಿ ಸಾಬೀತುಪಡಿಸಲಿ.