ಗೋಪುರ ಬಂತು, ದಾರಿ ಅಲ್ಲೇ ಉಳಿಯಿತು

ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಹತ್ತು ಅಂತಸ್ತಿನ ಚೀನೀ ಪಗೋಡಾ ಒಂದಿದೆ. 1762ರಲ್ಲಿ ಕಟ್ಟಿದ್ದು, ಎತ್ತರ ಸುಮಾರು 50 ಮೀಟರ್. ಅದನ್ನು ವಿನ್ಯಾಸ ಮಾಡಿದ ವಿಲಿಯಂ ಚೇಂಬರ್ಸ್ ಮೊದಲು ಸ್ವೀಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿ ಕ್ಯಾಂಟನ್ನಿಗೆ ಹೋಗಿ ಬಂದವನು. ಚಹಾ, ರೇಷ್ಮೆಯ ಹಡಗಿನಲ್ಲಿ ಕಲ್ಪನೆಯೂ ಬರುತ್ತದೆ ಎಂಬುದು ಕಾಮರ್ಸ್ ಓದುವ ನಮಗೆಲ್ಲ ಖುಷಿಯ ವಿಷಯವೇ. ಆದರೆ ಬಂದದ್ದು ಅರ್ಧ ಸರಕು ಎಂಬುದು ನನ್ನ ತಕರಾರು.

ಚೀನಾದ ಸೂಝೌ ನಗರದ ಹಳೆಯ ತೋಟಗಳನ್ನು ನೋಡಿ. 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ವಿದ್ವಾಂಸರು, ನಿವೃತ್ತ ಅಧಿಕಾರಿಗಳು ಮನೆಗೆ ಸೇರಿಸಿ ಕಟ್ಟಿಕೊಂಡ ತೋಟಗಳು ಅವು. 'ಬಲೆಗಳ ಒಡೆಯನ ತೋಟ' ಒಂದೂವರೆ ಎಕರೆಯೂ ಇಲ್ಲ. ಆದರೂ ಚಿಕ್ಕದು ಅನ್ನಿಸದಂತೆ ಕಟ್ಟಿದ್ದಾರೆ. ಬಾಗಿಲಲ್ಲಿ ನಿಂತರೆ ಎಲ್ಲವೂ ಕಾಣುವುದಿಲ್ಲ. ಅಡ್ಡ ಒಂದು ಗೋಡೆ, ಗೋಡೆಯಲ್ಲಿ ಕಿಟಕಿ, ಕಿಟಕಿಯಾಚೆ ಬಂಡೆ, ಬಿದಿರು. ದಾರಿ ತಿರುಗಿದಾಗಲೆಲ್ಲ ಬೇರೆ ನೋಟ.

ಇನ್ನೊಂದು ಉಪಾಯಕ್ಕೆ 'ಎರವಲು ನೋಟ' ಎಂದು ಹೆಸರು. ಅದೇ ಊರಿನ ಝುವೋಝೆಂಗ್ ತೋಟದ ಕೊಳದ ಈಚೆ ನಿಂತರೆ ದೂರದಲ್ಲಿ ಪಗೋಡಾ ಕಾಣುತ್ತದೆ. ಅದು ತೋಟದ್ದಲ್ಲ, ಹೊರಗಿನ ದೇವಾಲಯದ್ದು! ಬಡ್ಡಿಯಿಲ್ಲದ ಸಾಲ, ನಮ್ಮ ಕಾಲೇಜಿನಲ್ಲಿ ಇದಕ್ಕೆ ಯಾರೂ ಆಕ್ಷೇಪಿಸಲಾರರು. ಸೂಝೌನವರು ಎರವಲು ತಂದದ್ದನ್ನು ಕ್ಯೂನಲ್ಲಿ ದುಡ್ಡು ಸುರಿದು ಕಟ್ಟಿದರು.

ಜರ್ಮನಿಯ ಮ್ಯೂನಿಕ್‌ನಲ್ಲಿ 'ಇಂಗ್ಲಿಷ್ ಉದ್ಯಾನ' ಎಂಬ ಪಾರ್ಕ್ ಇದೆ, ಅದರೊಳಗೆ ಚೀನೀ ಗೋಪುರ. 1944ರಲ್ಲಿ ಸುಟ್ಟುಹೋಗಿ 1952ರಲ್ಲಿ ಮತ್ತೆ ಎದ್ದಿತು. ಈಗ ಅದರ ಸುತ್ತ ಜನ ಬಿಯರ್ ಕುಡಿಯುತ್ತಾರೆ. ಫ್ರೆಂಚರು ಅಂಕುಡೊಂಕು ದಾರಿಯ ಇಂಥ ತೋಟಗಳನ್ನು 'ಆಂಗ್ಲೋ-ಚೀನೀ' ಎಂದು ಕರೆದಾಗ ಇಂಗ್ಲೆಂಡಿನ ಹೊರೇಸ್ ವಾಲ್‌ಪೋಲ್ ಒಪ್ಪಲಿಲ್ಲ, ಶ್ರೇಯ ತಮ್ಮದೇ ಎಂದ. ಇಂಗ್ಲಿಷರೂ ಸ್ವಂತವಾಗಿ ಯೋಚಿಸಿದ್ದರು, ನಿಜ. ಆದರೆ ಪಾಲುದಾರನ ಹೆಸರನ್ನೇ ಖಾತೆಯಿಂದ ಅಳಿಸುವುದು ಯಾವ ಲೆಕ್ಕ?

ಸರಿಯಾಗಿ ತಂದವರೂ ಇದ್ದಾರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 1981ರಲ್ಲಿ ತೆರೆದ ಅಂಗಳವನ್ನು 'ಬಲೆಗಳ ಒಡೆಯನ ತೋಟ'ದ ಮಾದರಿಯಲ್ಲಿ ಕಟ್ಟಲು ಚೀನಾದಿಂದ ಕುಶಲಕರ್ಮಿಗಳನ್ನೇ ಕರೆಸಿತು.

ನಾನು ಮನೆಯಲ್ಲಿ ಕೇಳಿ ಬೆಳೆದ 'ಬಾಗ್' ಎಂದರೆ ಚಾರ್‌ಬಾಗ್: ನೇರ ಕಾಲುವೆ, ನಾಲ್ಕು ಸಮ ಭಾಗ. ಅದರ ಚೆಲುವೂ ದೊಡ್ಡದೇ, ಆದರೆ ಅದಕ್ಕೆ ವಿಶಾಲ ಜಾಗ ಬೇಕು. ನಮ್ಮ ಬಡಾವಣೆಗಳ ಪಾರ್ಕುಗಳಿಗೆ ಸಿಗುವುದು ಎರಡು ಸೈಟಿನಷ್ಟು ನೆಲ. ಅಲ್ಲೂ ನೇರ ಟ್ರ್ಯಾಕ್ ಹಾಕಿ, ನಡುವೆ ಸಿಮೆಂಟ್ ಜಿಂಕೆ ನಿಲ್ಲಿಸುತ್ತಾರೆ. ಗೇಟಿನಲ್ಲೇ ಎಲ್ಲ ನೋಡಿ ಮುಗಿಯುತ್ತದೆ. ಜಿಂಕೆಯ ಖರ್ಚು ಉಳಿಸಿ ದಾರಿಯನ್ನು ಎರಡು ಕಡೆ ತಿರುಗಿಸಲಿ, ತಿರುವಿನಲ್ಲಿ ಒಂದಷ್ಟು ಬಿದಿರು ನೆಡಲಿ.