ಒಂದು ಸಿಗರೇಟು, ಒಂದು ನಗು

ನಮ್ಮ ಸಂಘದ ಗೆಳೆಯನೊಬ್ಬ ಕಾಲೇಜು ಮತ್ತೆ ಶುರುವಾದಂದಿನಿಂದ ಶನಿವಾರದ ಸಭೆಗೆ ಬರುತ್ತಿಲ್ಲ. ಹೆಸರು ಬೇಡ, ಗೊತ್ತಿದ್ದವರಿಗೆ ಗೊತ್ತು. ಯುಗಾದಿಯ ದಿನ ಬೇವು-ಬೆಲ್ಲ ಬಾಯಿಗಿಟ್ಟುಕೊಂಡು ನಮ್ಮೆಲ್ಲರೆದುರು "ಇನ್ನ ಸಿಗರೇಟ ಮುಟ್ಟಿದರ ನಮ್ಮವ್ವನ ಆಣಿ" ಅಂದಿದ್ದ. 38 ದಿನ ಮುಟ್ಟಲಿಲ್ಲ. ಕೊನೆಯ ಪರೀಕ್ಷೆ ಬರೆದು ಬಂದ ಸಂಜೆ ಗೇಟಿನಾಚೆಯ ಟಪರಿಯಲ್ಲಿ ಒಂದನ್ನು ಹಚ್ಚಿದ. ನಾವು ನಾಲ್ಕೈದು ಜನ ಅಲ್ಲೇ ಇದ್ದೆವು. "ಏನೋ ಸನ್ಯಾಸಿ, ತಪಸ್ಸು ಮುಗೀತೇನು?" ಅಂದವನು ನಾನೇ. ಎಲ್ಲರೂ ನಕ್ಕರು, ಅವನೂ ನಕ್ಕ. ಅವತ್ತು ರಾತ್ರಿ ಹತ್ತರ ಪಾಕೀಟೊಂದನ್ನು ಪೂರ್ತಿ ಮುಗಿಸಿದನೆಂದು ಅವನ ರೂಮಿನವರಿಂದ ಆಮೇಲೆ ತಿಳಿಯಿತು.

ಹೀಗೆ ಕೆಣಕುವಾಗ ನನ್ನ ಕೈಯಲ್ಲೂ ಒಂದು ಉರಿಯುತ್ತಿತ್ತೆಂಬುದನ್ನು ಬರೆಯದಿದ್ದರೆ ಮುಂದಿನದೆಲ್ಲ ಬರಿಯ ಬೊಗಳೆಯಾದೀತು.

ರಜೆಗೆ ವಿಜಯಪುರದ ಹತ್ತಿರದ ನಮ್ಮ ಹಳ್ಳಿಗೆ ಹೋದೆ. ಅಪ್ಪನ ಎದುರು ಸೇದುವ ಮಾತೇ ಇಲ್ಲ. ಮೊದಲ ನಾಲ್ಕು ದಿನ ತಲೆನೋವು, ಸುಮ್ಮಸುಮ್ಮನೆ ಸಿಟ್ಟು. "ಮುಂಬಯಿ ನೀರು ನಿನಗ ಹತ್ತಿಲ್ಲ" ಅಂತ ಅವ್ವ ಕಷಾಯ ಕುಡಿಸಿದಳು. ಆಮೇಲಿನ ಮೂರು ವಾರ ಸಿಗರೇಟಿನ ನೆನಪು ಅಷ್ಟಾಗಿ ಬರಲೇ ಇಲ್ಲ. ಗೆದ್ದೆ ಅಂದುಕೊಂಡೆ. ಜೂನ್ ತಿಂಗಳಲ್ಲಿ ಮರಳಿ ದಾದರ್ ಸ್ಟೇಶನ್ನಿನಲ್ಲಿ ಇಳಿದು ಕಟಿಂಗ್ ಚಹಾದ ಗ್ಲಾಸು ಕೈಗೆ ತೆಗೆದುಕೊಂಡೆನೋ ಇಲ್ಲವೋ, ಎರಡು ಬೆರಳು ತಾವಾಗಿಯೇ ಸಿಗರೇಟು ಹುಡುಕಿದವು. ಹಚ್ಚಿದೆ.

ಮೈಯಲ್ಲಿ ನಿಕೋಟಿನ್ ಉಳಿದಿರಲಿಲ್ಲ. ಹಾಗಾದರೆ ಕೇಳಿದ್ದು ಯಾರು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕೇಳಿದ್ದು ಆ ಚಹಾದ ಗ್ಲಾಸು, ಆ ದಾದರದ ಗದ್ದಲ. ಪಾವ್ಲೋವನ ನಾಯಿಯ ಕಥೆಯನ್ನು ಮನಶ್ಶಾಸ್ತ್ರ ಓದುವ ಗೆಳೆಯರು ಹೇಳಿಯೇ ಇರುತ್ತಾರೆ. ನನ್ನನ್ನು ಅದಕ್ಕಿಂತ ತಟ್ಟಿದ್ದು ವಿಯೆಟ್ನಾಮಿನ ಸಂಗತಿ. ಅಲ್ಲಿ ಯುದ್ಧಕ್ಕೆ ಹೋಗಿದ್ದ ಅಮೇರಿಕದ ಸಾಮಾನ್ಯ ಸೈನಿಕರಲ್ಲಿ ಸುಮಾರು ಐವರಿಗೊಬ್ಬ ಹೆರಾಯಿನ್‌ನಂಥ ಮಾದಕಕ್ಕೆ ದಾಸನಾಗಿದ್ದ. 1971ರಲ್ಲಿ ಮನೆಗೆ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹಿಂಬಾಲಿಸಿ ವಿಚಾರಿಸಿದರು. ಹಾಗೆ ದಾಸರಾಗಿದ್ದವರಲ್ಲಿ ಮೊದಲ ವರ್ಷದೊಳಗೆ ಮತ್ತೆ ಆ ಗತಿಗೆ ಬಂದವರು 100ಕ್ಕೆ ಸುಮಾರು 5 ಜನ. ಜಾಗ ಬದಲಾಗಿತ್ತು, ಜೊತೆಗಾರರು ಬದಲಾಗಿದ್ದರು. ನಾವೇನು ಮುಂಬಯಿ ಬಿಟ್ಟು ಓಡಿಹೋಗಲಾದೀತೇ? ಟಪರಿ ಗೇಟಿನಿಂದ ನಲವತ್ತು ಹೆಜ್ಜೆ. ವಿದ್ಯಾಸಂಸ್ಥೆಯ 100 ಗಜದೊಳಗೆ ತಂಬಾಕು ಮಾರಕೂಡದೆಂಬ ಕಾಯಿದೆ 2003ರದು. ಅದು ಟಪರಿಯವನಿಗೂ ಗೊತ್ತು, ನಮಗೂ ಗೊತ್ತು.

ದಿನಾಲೂ ಸಂಜೆ ನಾನು ದಾದರ್‌ನಿಂದ ಸ್ಲೋ ಲೋಕಲ್ ಹಿಡಿಯುತ್ತೇನೆ. ಮಾರನೆಯ ದಿನದಿಂದ ಸಿಗರೇಟು ಬಿಟ್ಟೆನಲ್ಲ, ಬಯಕೆ ಏಳುತ್ತಿದ್ದುದೂ ಅದೇ ಹೊತ್ತಿಗೆ. ಡಬ್ಬಿಯಲ್ಲಿ ಸೇದುವಂತಿಲ್ಲ, ಆ ಗರ್ದಿಯಲ್ಲಿ ನಡುವೆ ಇಳಿಯುವಂತೆಯೂ ಇಲ್ಲ. ಬೇರೆ ಕೆಲಸವಿಲ್ಲದೆ ಅದನ್ನೇ ಗಮನಿಸತೊಡಗಿದೆ. ಮಾಟುಂಗಾಕ್ಕೆ ಗಂಟಲು ಒಣಗುತ್ತದೆ, ದವಡೆ ಬಿಗಿಯುತ್ತದೆ. ಸಾಯನ್ ಬಂತೆಂದರೆ 'ಒಂದೇ ಒಂದು, ನಾಳೆಯಿಂದ ಬಿಟ್ಟರಾಯ್ತು' ಎಂಬ ವಕೀಲಿಕೆ ಶುರು, ಅದೂ ನನ್ನದೇ ದನಿಯಲ್ಲಿ. ಕುರ್ಲಾ ಬರುವಷ್ಟರಲ್ಲಿ, ಅಂದರೆ ಹತ್ತು ನಿಮಿಷದ ಆಸುಪಾಸಿನಲ್ಲಿ, ವಕೀಲ ಸುಸ್ತಾಗಿರುತ್ತಾನೆ. ಸೇದದಿದ್ದರೆ ಬಯಕೆ ಏರುತ್ತಲೇ ಹೋಗಿ ತಲೆ ಸಿಡಿದೀತೆಂದು ಮೊದಲು ತಿಳಿದಿದ್ದೆ. ಇಲ್ಲ, ಏರಿದ್ದು ಇಳಿಯುತ್ತದೆ. ಅಮೇರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಇದನ್ನು ಸಮುದ್ರದ ತೆರೆಗೆ ಹೋಲಿಸಿದ್ದರು. ತೆರೆಯೊಡನೆ ಗುದ್ದಾಡದೆ ಅದರ ಮೇಲೇರಿ ಸಾಗಬೇಕೆಂಬುದು ಅವರ ಉಪಾಯ. (ಕುಡಿತ ಬಹಳ ಹತ್ತಿದವರ ಮಾತು ಬೇರೆ. ಅವರು ದಿಢೀರನೆ ಬಿಟ್ಟರೆ ಪ್ರಾಣಕ್ಕೇ ಅಪಾಯವಾಗಬಹುದು, ಡಾಕ್ಟರು ಬೇಕು.)

ಮಾರ್ಲಟ್ ಕಂಡುಕೊಂಡ ಇನ್ನೊಂದು ಸಂಗತಿ ಓದಿದಾಗ ನನಗೆ ಮುಖ ಎತ್ತಲಾಗಲಿಲ್ಲ. ಜಾರಿದವನನ್ನು ಪೂರ್ತಿ ಬೀಳಿಸುವುದು ಆ ಒಂದು ಸಿಗರೇಟಿಗಿಂತ ಹೆಚ್ಚಾಗಿ 'ಎಲ್ಲಾ ಹಾಳಾಯ್ತು, ಇದು ನನ್ನಿಂದಾಗದು' ಎಂಬ ನಾಚಿಕೆಯಂತೆ. ಆಣೆ ದೊಡ್ಡದಾದಷ್ಟೂ ನಾಚಿಕೆ ದೊಡ್ಡದು. ಅವ್ವನ ಹೆಸರು ಹಿಡಿದು ಹೇಳಿದವನಿಗೆ ಒಂದು ಹಚ್ಚಿದ ಮೇಲೆ ಮುಂದಿನ ಹತ್ತಕ್ಕೆ ಇನ್ನೇನು ಅಡ್ಡಿ? ಅವನ 38 ದಿನ ಎಲ್ಲಿಗೂ ಹೋಗಿರಲಿಲ್ಲ. ಅದನ್ನು ಹೇಳಬೇಕಾದ ಹೊತ್ತಿನಲ್ಲಿ ನಾನು ಚೇಷ್ಟೆ ಮಾಡಿದೆ.

"ಮನಸ್ಸು ಗಟ್ಟಿ ಇದ್ದರ ಸಾಕಪಾ, ಇದೆಲ್ಲಾ ಯಾಕ ಬೇಕು" ಎನ್ನುವ ಹಿರಿಯರಿದ್ದಾರೆ. 38 ದಿನ ತಡೆದವನ ಮನಸ್ಸು ಗಟ್ಟಿಯಿರಲಿಲ್ಲವೇ? ಅವನಿಗೆ ತಿಳಿಯದೆ ಇದ್ದದ್ದು ಆ ಹತ್ತು ನಿಮಿಷದ ವಿಷಯ. ತಿಳಿಸುವವರೂ ಇದ್ದಾರೆ: ಪಾಕೀಟಿನ ಮೇಲೆ 2018ರಿಂದ 1800-11-2356 ಎಂಬ ಪುಕ್ಕಟೆ ಸಹಾಯದ ನಂಬರು ಅಚ್ಚಾಗುತ್ತಿದೆ. ಒಂದೊಂದೇ ಕೊಳ್ಳುವ ನಮ್ಮ ಕಣ್ಣಿಗೆ ಪಾಕೀಟು ಬಿದ್ದರೆ ತಾನೇ!

ನನಗೆ ಇವತ್ತಿಗೆ 61 ದಿನ. ಆಣೆ ಏನೂ ಹಾಕಿಲ್ಲ. ಬರುವ ಶನಿವಾರ ಸಭೆಗೆ ಮೊದಲು ಅವನ ರೂಮಿಗೆ ಹೋಗುವವನಿದ್ದೇನೆ. ಅವನು ಬಂದರೆ ದಯವಿಟ್ಟು ಯಾರೂ ದಿನದ ಲೆಕ್ಕ ಕೇಳಬೇಡಿ. ಸಭೆ ಮುಗಿದ ಮೇಲೆ ಚಹಾಕ್ಕೆ ಟಪರಿ ಬೇಡ, ಹಿಂದಿನ ಗೇಟಿನ ಉಡುಪಿ ಹೋಟೆಲಿಗೆ ಹೋಗೋಣ. ಬಿಲ್ಲು ನನ್ನದು.