ಅಂಗಡಿಯಲ್ಲಿ ಏನು ಸಿಗುತ್ತದೆಂದು ಬೋರ್ಡ್ ಹೇಳಲಿ

ನಾನು ಮಿರ್ಲೆಯ ಬೋರ್ಡ್ ಆರ್ಟಿಸ್ಟ್. ಕೃಷ್ಣರಾಜನಗರ, ಸಾಲಿಗ್ರಾಮ, ಹುಣಸೂರು, ಪಿರಿಯಾಪಟ್ಟಣದ ಕಡೆಯೆಲ್ಲ ಅಂಗಡಿ, ಶಾಲೆ, ಡೇರಿ ಗೋಡೆಗಳಿಗೆ ಬ್ರಷ್ಷಿನಲ್ಲಿ ಬರೆದಿದ್ದೇನೆ. ಈಗ ಯಾವ ಊರಿನ ಬೀದಿಯಲ್ಲಿ ನಿಂತರೂ ಅಂಗಡಿಗಳ ಮುಖ ಒಂದೇ ಥರ ಕಾಣುತ್ತಿದೆ. ದಿನಸಿ ಅಂಗಡಿಯ ಮೇಲೆ ತಂಪು ಪಾನೀಯದ ಕಂಪನಿ, ಗೊಬ್ಬರದ ಅಂಗಡಿಯ ಮೇಲೆ ಬೀಜದ ಕಂಪನಿ. ಬೋರ್ಡ್ ಪುಕ್ಕಟೆ, ಮುಕ್ಕಾಲು ಜಾಗ ಅವರದು. ಅಂಗಡಿಯ ಹೆಸರು ಮೂಲೆ ಸೇರುತ್ತದೆ. ಒಳಗೆ ಏನು ಸಿಗುತ್ತದೆ ಎಂಬುದು ಎಲ್ಲೂ ಇರುವುದಿಲ್ಲ.

2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ಪ್ರಕಾರ ನಾಮಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕು, ಅದೂ ಮೇಲ್ಭಾಗದಲ್ಲಿ. ಬರಬೇಕಾದ ಕಾನೂನೇ ಬಂತು. ಆದರೆ ಕಂಪನಿಯ ಹೆಸರನ್ನೇ ಕನ್ನಡ ಅಕ್ಷರದಲ್ಲಿ ದಪ್ಪಗೆ ಬರೆದರೂ ಆ ಲೆಕ್ಕ ಸರಿಹೋಗುತ್ತದೆ.

ಅಕ್ಷರಕ್ಕೂ ಮರ್ಯಾದೆ ಸಿಗುತ್ತಿಲ್ಲ. ಕನ್ನಡಕ್ಕೆ ಕೆಳಗೆ ಜಾಗ ಬೇಕು. ನಾನು ದಾರ ಹೊಡೆದು ಮೂರು ಗೆರೆ ಹಾಕಿಕೊಳ್ಳುತ್ತೇನೆ: ತಲೆಕಟ್ಟಿಗೊಂದು, ಅಕ್ಷರದ ತಳಕ್ಕೊಂದು, ಒತ್ತಿಗೊಂದು. ‘ಎಲೆಕ್ಟ್ರಿಕಲ್ಸ್’ ಎಂದು ಬರೆಯುವಾಗ ಕಕಾರದ ಕೆಳಗೆ ಟ, ರ ಎರಡೂ ಕೂರಬೇಕು. ಫ್ಲೆಕ್ಸಿನಲ್ಲಿ ಜಾಗ ಸಾಲದೆ ಅಕ್ಷರವನ್ನು ಅಡ್ಡಡ್ಡ ಎಳೆಯುತ್ತಾರೆ, ಒತ್ತು ಚೌಕಟ್ಟಿನ ತಗಡಿನಡಿ ಮರೆಯಾಗುತ್ತದೆ. ‘ಔಷಧ’ದ ಕೊನೆಯಕ್ಷರವನ್ನು ಲೆಕ್ಕವಿಲ್ಲದೆ ದಪ್ಪ ಮಾಡಿದರೆ ತಳದ ಸೀಳು ಮುಚ್ಚಿಕೊಂಡು ದೂರಕ್ಕೆ ದಕಾರವಾಗಿಬಿಡುತ್ತದೆ.

ಚಿತ್ರ ಓದು ಬಾರದವರಿಗಷ್ಟೇ ಎನ್ನುವವರಿದ್ದಾರೆ. ಓಡುವ ಬಸ್ಸಿನಿಂದ ನೋಡುವವರಿಗೂ, ಕನ್ನಡಕ ಮರೆತು ಬಂದವರಿಗೂ ಅದು ಬೇಕು. ಕತ್ತರಿ, ಬಾಚಣಿಗೆ ಕಂಡರೆ ಕ್ಷೌರದಂಗಡಿ. ಹೊಲಿಗೆ ಮಿಷನ್ ಕಂಡರೆ ಟೈಲರ್. ಮಟನ್ ಅಂಗಡಿಗೆ ನಾನು ಬರೆಯುವುದು ನಮ್ಮ ಸೀಮೆಯ ಬನ್ನೂರು ಕುರಿಯನ್ನೇ: ಗಿಡ್ಡ ಕಾಲು, ತುಂಬಿದ ಮೈ. ಇಂಟರ್ನೆಟ್ಟಿನಿಂದ ಇಳಿಸಿದ ಉಣ್ಣೆಯ ಪರದೇಶಿ ಕುರಿ ಇಲ್ಲಿ ಯಾವ ಸಂತೆಯಲ್ಲಿದೆ? ಮೆಡಿಕಲ್ ಸ್ಟೋರಿಗೆ ಕೆಂಪು ಕ್ರಾಸ್ ಬರೆಯಿರಿ ಎಂದರೆ ಒಪ್ಪುವುದಿಲ್ಲ. 1960ರ ಜಿನೀವಾ ಒಪ್ಪಂದಗಳ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಅದನ್ನು ಬಳಸುವಂತಿಲ್ಲ. ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ಕಾಯುವ ಗುರುತು ಅದು. ಹಸಿರು ಕ್ರಾಸ್ ಬರೆದುಕೊಡುತ್ತೇನೆ.

ನನಗೆ ನಿಜಕ್ಕೂ ಚಿಂತೆಯಾಗಿರುವುದು ಬೀಜ, ಗೊಬ್ಬರ, ಕೀಟನಾಶಕದ ಅಂಗಡಿಗಳದು. ಭತ್ತಕ್ಕೋ ಹೊಗೆಸೊಪ್ಪಿಗೋ ಹೊಡೆಯುವ ಔಷಧಿಯ ಡಬ್ಬಿಯ ಮೇಲೆ ಮೂಲೆ ಮೇಲಾಗಿ ನಿಂತ ಒಂದು ಚೌಕವಿರುತ್ತದೆ. ಅದರ ಕೆಳಗಿನ ಅರ್ಧದ ಬಣ್ಣ ವಿಷದ ತೀವ್ರತೆ ಹೇಳುತ್ತದೆ. ಕೆಂಪು ಅತ್ಯಂತ ವಿಷ, ಅದಕ್ಕೆ ತಲೆಬುರುಡೆ, ಮೂಳೆಗಳ ಗುರುತೂ ಉಂಟು. ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. 1971ರ ಕೀಟನಾಶಕ ನಿಯಮಗಳೇ ಇದನ್ನು ಗೊತ್ತು ಮಾಡಿವೆ. ಹಸಿರು ಎಂದರೆ ಬೆಳೆಗೆ ಒಳ್ಳೆಯದು, ಕೈಗೆ ಏನೂ ಆಗದು ಎಂದು ತಿಳಿದು ಬರಿಗೈಯಲ್ಲಿ ಕಲಸುವವರನ್ನು ನೋಡಿದ್ದೇನೆ. ಹಸಿರೂ ವಿಷವೇ, ಉಳಿದವಕ್ಕಿಂತ ಕಡಿಮೆ, ಅಷ್ಟೆ. ಈ ನಾಲ್ಕು ಬಣ್ಣ, ಒಂದೊಂದರ ಅರ್ಥ, ಕೈಗವಸು ಹಾಕಿದ ಒಂದು ಕೈ: ಇಷ್ಟನ್ನು ಪ್ರತಿ ಅಂಗಡಿಯ ಹೊರಗೋಡೆಯ ಮೇಲೆ ಆಳೆತ್ತರಕ್ಕೆ ಬರೆಸಬೇಕು.

ಜೊತೆಗೆ ದರದ ಪಟ್ಟಿ. 1985ರ ರಸಗೊಬ್ಬರ ನಿಯಂತ್ರಣ ಆದೇಶದಂತೆ ಚಿಲ್ಲರೆ ಮಾರುವವರು ದಿನದ ದಾಸ್ತಾನು, ದರ ಎರಡನ್ನೂ ಎದ್ದು ಕಾಣುವಂತೆ ಹಾಕಬೇಕು. ಬಹಳ ಕಡೆ ಅದು ಮೂಟೆಗಳ ಹಿಂದೆ ಸೀಮೆಸುಣ್ಣದಲ್ಲಿ ಮಾಸಿರುತ್ತದೆ. ಯೂರಿಯಾ ಇದೆಯೋ ಇಲ್ಲವೋ, ಎಷ್ಟು ರೂಪಾಯಿ ಎಂಬುದು ಬಾಗಿಲಲ್ಲೇ ಕಂಡರೆ ರೈತ ಸರದಿಯಲ್ಲಿ ನಿಂತು ಕಾಯ್ದು ಬರಿಗೈಯಲ್ಲಿ ತಿರುಗಬೇಕಿಲ್ಲ. ಕೃಷಿ ಇಲಾಖೆಯವರು ಅಂಗಡಿ ತಪಾಸಣೆಗೆ ಬಂದಾಗ ಲೈಸೆನ್ಸಿನ ಜೊತೆಗೆ ಈ ಬೋರ್ಡನ್ನೂ ರಸ್ತೆಯಲ್ಲಿ ನಿಂತು ಓದಿ ನೋಡಲಿ.

ನಮ್ಮ ಹೋಬಳಿಯ ಅಂಗಡಿಯವರು ಗೋಡೆ ಬಿಟ್ಟುಕೊಟ್ಟರೆ ಬಣ್ಣದ ಖರ್ಚಷ್ಟೇ ತೆಗೆದುಕೊಂಡು ನಾನು ಬರೆದುಕೊಡುತ್ತೇನೆ. ನಾಲೆಗೆ ನೀರು ಬಿಡುವ ಮೊದಲೇ ಹೇಳಿದರೆ ಅನುಕೂಲ.